ದೋಸ್ತಾ, ಬೇಸ್ ಅಂದ್ರೆ ಬರೀ ಧಡ್ ಧಡ್ ಅಲ್ಲ

ದೋಸ್ತಾ,

ನಿನ್ನ ಮೆಸೇಜ್ ನೋಡಿದೆ. ಬೆಂಗಳೂರಿನ ಯಾವುದೋ ಪಬ್‌ನಲ್ಲಿ ಹುಡುಗರು ಯೆಸ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಹಾಡು ನುಡಿಸಿದರು, ಗಿಟಾರ್ ಚೆನ್ನಾಗಿತ್ತು, ಕೀಬೋರ್ಡ್ ಇನ್ನೂ ಚೆನ್ನಾಗಿತ್ತು, ಆದರೆ ಬೇಸ್ ಗಿಟಾರ್ ಕೇಳಿಸಲೇ ಇಲ್ಲ ಅಂತ ಬರೆದಿದ್ದೀಯ. ಅದರ ಕೆಳಗೇ ಇನ್ನೊಂದು ಸಾಲು: ಬೇಸ್ ಗಿಟಾರಿನ ಕ್ರಿಸ್ ಸ್ಕ್ವಾಯರ್ ತೀರಿಹೋದ ಮೇಲೆ ಯೆಸ್ ಅನ್ನೋ ಬ್ಯಾಂಡೇ ಇಲ್ಲ, ಈಗ ಇರೋದು ಬರೀ ಹೆಸರಿನ ಬೋರ್ಡು. ಮೊದಲನೇ ಮಾತು ಒಪ್ಪಿದೆ. ಎರಡನೇದಕ್ಕೆ ಫೋನಿನಲ್ಲಿ ಎರಡು ಸಾಲು ಕುಟ್ಟಿದರೆ ಆಗೋದಿಲ್ಲ, ಅದಕ್ಕೇ ಈ ಕಾಗದ. ಎಲ್ಲರಿಗೂ ಕಾಣೋ ಹಾಗೆ ಹಾಕ್ತಾ ಇದ್ದೀನಿ. ನಮ್ಮಂಥ ಹುಚ್ಚರು ಇನ್ನೂ ನಾಲ್ಕು ಜನ ಎಲ್ಲಾದರೂ ಇರಬಹುದು, ಅವರೂ ಬಂದು ಬೈಯಲಿ.

ಮೊದಲು ಪಬ್ಬಿನ ವಿಷಯ. ಆ ಹುಡುಗರನ್ನ ಬೈಬೇಡ. ಬೇಸ್ ಗಿಟಾರಿನ ದಪ್ಪ ತಂತಿ ಮೀಟಿದರೆ ಬರೋದು ಸುಮಾರು 41 ಹರ್ಟ್ಸ್‌ನ, ತೀರಾ ಕೆಳಗಿನ ಸ್ವರ. ಅದರ ಒಂದೊಂದು ಅಲೆ 8 ಮೀಟರಿಗಿಂತ ಉದ್ದ. ಇಕ್ಕಟ್ಟಾದ ಜಾಗದಲ್ಲಿ ಅದಕ್ಕೆ ಕಾಲು ಚಾಚೋಕೆ ಜಾಗ ಎಲ್ಲಿದೆ ಹೇಳು. ಮೂಲೆಯಲ್ಲಿ ಹೋಗಿ ಗುಂಯ್ ಅಂತ ಕೂತುಬಿಡುತ್ತೆ, ನಡುವೆ ನಿಂತವನಿಗೆ ಏನೂ ಇಲ್ಲ. ನಾನು ಇದನ್ನ ಕಲಬುರಗಿಯ ಫಂಕ್ಷನ್ ಹಾಲ್‌ಗಳಲ್ಲಿ ದಿನಾ ನೋಡ್ತೀನಿ. ಮೂಲೆಯಲ್ಲಿ ಕೂತ ಅಜ್ಜ ಎದೆ ಹಿಡಿದುಕೊಂಡು 'ಸೌಂಡ್ ಕಡಿಮಿ ಮಾಡ್ರೆಪಾ' ಅಂತಾನೆ, ಸ್ಟೇಜಿನ ಮುಂದೆ ಕುಣಿಯೋ ಹುಡುಗರು 'ಅಣ್ಣಾ, ಬೇಸ್ ಬರ್ತಿಲ್ಲ' ಅಂತಾರೆ. ಇಬ್ಬರೂ ಖರೇನೇ ಹೇಳ್ತಿರ್ತಾರೆ.

ಮತ್ತೆ ಈಗಿನ ಕಾಲದಲ್ಲಿ ಬೇಸ್ ಅಂದರೆ ಏನಾಗಿದೆ ನಿನಗೂ ಗೊತ್ತು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಗೋಡೆ ಕಟ್ಟಿದ ಹಾಗೆ ಬಾಕ್ಸ್ ಜೋಡಿಸು, ಧಡ್ ಧಡ್ ಅನ್ನಿಸು, ಕಿಟಕಿ ಗಾಜು ಅದುರಬೇಕು, ಅಷ್ಟೇ. ನನ್ನ ಹೊಟ್ಟೆ ಅದರ ಮೇಲೇ ನಡೆಯೋದು, ಹಾಗಾಗಿ ಜಾಸ್ತಿ ಮಾತಾಡಬಾರದು. ಆದರೆ ರಾತ್ರಿ ಕೆಲಸ ಮುಗಿಸಿ ಗೋಡೌನಿಗೆ ಬಂದು ಬಾಕ್ಸ್ ಇಳಿಸಿದ ಮೇಲೆ ಕಿವಿಗೆ ಬೇಕಾಗೋದು ಸ್ಕ್ವಾಯರನೇ. ಅವನ ಬೇಸ್ ಹೊಡೆಯೋದಿಲ್ಲ, ಹಾಡುತ್ತೆ. ಚಿಕ್ಕವನಿದ್ದಾಗ ಲಂಡನ್ನಿನ ಕಿಂಗ್ಸ್‌ಬರಿ ಚರ್ಚಿನ ಕಾಯರ್‌ನಲ್ಲಿ ಹಾಡ್ತಿದ್ದವನು. ನಾಲ್ಕು ದನಿ ಒಟ್ಟಿಗೆ ಹಾಡುವಾಗ ಕೆಳಗಿನ ದನಿಗೂ ತನ್ನದೇ ಒಂದು ಧಾಟಿ ಇರುತ್ತೆ ಅನ್ನೋದು ಅವನಿಗೆ ಅಲ್ಲೇ ಕಿವಿಗೆ ಇಳಿದಿರಬೇಕು ಅಂತ ನನ್ನ ಲೆಕ್ಕ.

ಹಾಸ್ಟೆಲ್ ನೆನಪಿದೆಯಾ? ನಿನ್ನ ಆ ಸಣ್ಣ ಟೇಪ್ ರೆಕಾರ್ಡರ್, ಒಂದೇ ಸ್ಪೀಕರ್, ಕ್ಯಾಸೆಟ್ ಸುತ್ತಿಕೊಂಡರೆ ಪೆನ್ಸಿಲ್. ಏಪ್ರಿಲ್ ಬಂತು ಅಂದರೆ ರೂಮಿನಲ್ಲಿ ಇರೋಕೆ ಆಗ್ತಿರಲಿಲ್ಲ, ಟೆರೇಸಿಗೆ ನೀರು ಹೊಡೆದು ಚಾಪೆ ಹಾಕಿ ಕೇಳ್ತಿದ್ದೆವು. ಯೆಸ್‌ನ 'ಫ್ರಾಜೈಲ್' ಆಲ್ಬಮ್, ಯಾರೋ ಕಾಪಿ ಮಾಡಿಕೊಟ್ಟ ಕ್ಯಾಸೆಟ್. ಬೇರೆ ಯಾವ ಬ್ಯಾಂಡ್ ಹಾಕಿದರೂ ಆ ಡಬ್ಬದಲ್ಲಿ ಬೇಸ್ ಕಾಣೆಯಾಗ್ತಿತ್ತು, ಸ್ಕ್ವಾಯರ್ ಮಾತ್ರ ಕಟ ಕಟ ಕಟ ಅಂತ ಎದುರಿಗೇ ಬಂದು ನಿಲ್ತಿದ್ದ. ಆಗ ನಮಗೆ ಅದೊಂದು ಪವಾಡ. ಪವಾಡ ಏನಿಲ್ಲ. ಅವನು ಬೆರಳಲ್ಲಿ ಅಲ್ಲ, ಪಿಕ್‌ನಲ್ಲಿ, ಅಂದರೆ ತಂತಿ ಮೀಟೋ ಸಣ್ಣ ಬಿಲ್ಲೆಯಲ್ಲಿ ನುಡಿಸ್ತಿದ್ದ. ಕಟ ಕಟ ಅನ್ನೋದು ಅದೇ. ಅವನ ರಿಕನ್‌ಬ್ಯಾಕರ್ ಗಿಟಾರಿನಲ್ಲಿ ತಂತಿಯ ಸದ್ದು ಹಿಡಿಯೋ ಪಿಕಪ್ ಎರಡು, ಎರಡರ ಸದ್ದನ್ನೂ ಬೇರೆ ಬೇರೆ ವೈರಿನಲ್ಲಿ ಹೊರಗೆ ತೆಗೆದು ಬೇರೆ ಬೇರೆ ದಾರಿಗೆ ಬಿಡೋ ಸೌಕರ್ಯ. ಒಂದನ್ನ ಶುದ್ಧವಾಗಿ ಇಟ್ಟು ಇನ್ನೊಂದನ್ನ ಸ್ವಲ್ಪ ಹರಕು ಮಾಡಿ ಎರಡನ್ನೂ ಕೂಡಿಸೋದು. ಆ ಹರಕು ಸದ್ದಿನಲ್ಲಿ ಮೇಲಿನ ಸ್ವರಗಳು ಜಾಸ್ತಿ, ಅದಕ್ಕೇ ಅಂಗೈಯಷ್ಟು ಸ್ಪೀಕರಿನಲ್ಲೂ ಅವನು ಸಾಯ್ತಿರಲಿಲ್ಲ.

ಅಂದರೆ ನಾವು ವರ್ಷಗಟ್ಟಲೆ ಅವನ ಅರ್ಧವನ್ನೇ ಕೇಳಿದ್ದು.

ಇನ್ನರ್ಧ ಸಿಕ್ಕಿದ್ದು ನಮ್ಮ ಕಾಕಾನ ಅಂಗಡಿಯಲ್ಲಿ. ಆಗ ಕಾಕಾನ ಹತ್ತಿರ ಅಹುಜಾ ಆಂಪ್ಲಿಫೈಯರ್, ನಾಲ್ಕು ಭೋಂಗಾ, ಎರಡು ಮೈಕು, ಇಷ್ಟೇ ಇದ್ದದ್ದು. ಭೋಂಗಾದಲ್ಲಿ ಬೇಸ್ ಹುಡುಕೋದೇ ಬೇಡ, ಅದು ಅಷ್ಟು ಕೆಳಗೆ ಇಳಿಯೋದಿಲ್ಲ. ಆಮೇಲೆ ಹೈದರಾಬಾದಿನಿಂದ ಒಂದು ಜೋಡಿ ದೊಡ್ಡ ಬೇಸ್ ಬಾಕ್ಸ್ ತಂದರು, ಸೆಕೆಂಡ್ ಹ್ಯಾಂಡ್, ಮುಂದಿನ ಜಾಳಿಗೆ ತುಕ್ಕು ಹಿಡಿದಿತ್ತು. ಶರಣಬಸವೇಶ್ವರ ಜಾತ್ರೆಗೆ ಮುಂಚೆ ಟೆಸ್ಟ್ ಮಾಡು ಅಂದರು. ನೀನು ಕಿಸೆಯಿಂದ ಆ ಕ್ಯಾಸೆಟ್ ತೆಗೆದೆ. 'ರೌಂಡ್‌ಅಬೌಟ್' ಶುರುವಾಗಿ ಬೇಸ್ ಒಳಗೆ ಬಂತು ನೋಡು, ಶೆಲ್ಫಿನ ಮೇಲಿನ ಸೋಲ್ಡರ್ ಡಬ್ಬಿ ತಾನೇ ಜರುಗಿಕೊಂಡು ಅಂಚಿಗೆ ಬಂತು, ನೀನು ಕೈ ಅಡ್ಡ ಹಿಡಿದೆ, ಹಿಡಿದವನು ಹಾಗೇ ನಿಂತುಬಿಟ್ಟೆ. ಮೇಲೆ ಕಟ ಕಟ ಅನ್ನೋ ನಮಗೆ ಗೊತ್ತಿದ್ದ ಸ್ಕ್ವಾಯರ್, ಕೆಳಗೆ ಎಷ್ಟು ದಿನದಿಂದಲೋ ಇದ್ದ ಇನ್ನೊಬ್ಬ. ಕಾಕಾ ಚಹಾ ಕುಡೀತಾ 'ಹಾಡ್ಯಾಂವ ಯಾವಾಗ ಹಾಡ್ತಾನೋ?' ಅಂದರು. ಅವರಿಗೆ ತತ್ವಪದ ಬಿಟ್ಟರೆ ಬೇರೆ ಇಲ್ಲ. ಆದರೆ ಕೊನೆಗೆ 'ಕೆಳಗಿನ ತಂತಿ ಬಾರಸಾಂವ ಶಾಣ್ಯಾ ಇದ್ದಾನ' ಅಂತ ಒಪ್ಪಿಕೊಂಡರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಅವನಿಗೆ ಕಲಬುರಗಿಯಲ್ಲಿ ಸಿಗೋದು ಸಾಧ್ಯವಿರಲಿಲ್ಲ.

ಸ್ಕ್ವಾಯರನ ಆ ರಿಕನ್‌ಬ್ಯಾಕರ್ ಗಿಟಾರಿನ ಕಥೆ ಹೇಳಿದ್ದೆನಾ? 1965ರಲ್ಲಿ ಕೊಂಡದ್ದು. ಆಗ ಹದಿನೇಳರ ಹುಡುಗ, ಬೂಸಿ ಅಂಡ್ ಹಾಕ್ಸ್ ಅನ್ನೋ ವಾದ್ಯದ ಅಂಗಡಿಯಲ್ಲಿ ಕೆಲಸ, ಕೆಲಸದವರಿಗೆ ಸಿಗೋ ರಿಯಾಯಿತಿಯಲ್ಲಿ ತಗೊಂಡ. ಆಮೇಲೆ ಅದಕ್ಕೆ ಹೂವಿನ ಚಿತ್ರದ ಕಾಗದ ಅಂಟಿಸಿದ, ಬೇಜಾರಾಗಿ ಕೆರೆಸಿದ, ಬಣ್ಣ ಬಳಿಸಿದ, ಮತ್ತೆ ಕೆರೆಸಿದ. ಕೆರೆದು ಕೆರೆದು ಮರವೇ ತೆಳ್ಳಗಾಗಿ ಗಿಟಾರ್ ಹಗುರಾಯಿತು. ಆದರೂ ಕೊನೇವರೆಗೂ ಅದನ್ನೇ ಹಿಡಿದ. ನಾನು ಒಂದು ಮಿಕ್ಸರನ್ನ ನಾಲ್ಕು ವರ್ಷ ಉಳಿಸಿಕೊಂಡರೆ ದೊಡ್ಡದು.

ಈಗ ಲೈವ್ ವಿಷಯಕ್ಕೆ ಬರ್ತೀನಿ, ನಮ್ಮ ಹಳೇ ಜಗಳ. ನೀನು ಸ್ಟುಡಿಯೋ ಪಕ್ಷ, ನಾನು ಸ್ಟೇಜ್ ಪಕ್ಷ. ಅವರ ಲೈವ್ ಆಲ್ಬಮ್ 'ಯೆಸ್‌ಸಾಂಗ್ಸ್' ರೆಕಾರ್ಡಿಂಗ್ ಮಸುಕು ಅಂತೀಯ. ಹೌದು, ಮಸುಕು. 1972ರಲ್ಲಿ ಊರೂರು ತಿರುಗ್ತಾ ಹಿಡಿದದ್ದು, ಮೂರು ಎಲ್‌ಪಿ, ಎಲ್ಲಾ ಸ್ವಚ್ಛ ಇರಬೇಕು ಅಂದರೆ ಹೇಗೆ? ಆದರೆ ಸ್ಕ್ವಾಯರನ 'ದಿ ಫಿಶ್' ತಗೋ. ಸ್ಟುಡಿಯೋದಲ್ಲಿ ಎರಡೂವರೆ ನಿಮಿಷದ ಸಣ್ಣ ತುಣುಕು, ಡ್ರಮ್ಸ್ ಬಿಟ್ಟರೆ ಕೇಳಿಸೋ ವಾದ್ಯವೆಲ್ಲಾ ಬೇಸ್ ಗಿಟಾರೇ, ಒಂದರ ಮೇಲೆ ಒಂದು ಕೂಡಿಸಿದ್ದು. ಸ್ಟೇಜಿನಲ್ಲಿ ಹಾಗೆ ಕೂಡಿಸೋಕೆ ಆಗೋದಿಲ್ಲ, ಇರೋದು ಎರಡೇ ಕೈ. ಹಾಗಾಗಿ ಅದನ್ನ ಬಿಚ್ಚಿ ಒಂಬತ್ತು ನಿಮಿಷದ ಹತ್ತಿರ ಬೆಳೆಸಿದ. ಏಳು ಮಾತ್ರೆ ಲೆಕ್ಕ ಇದೆ ಅಂತ ಮೊದಲು ಕಂಡುಹಿಡಿದವನು ನೀನೇ, ಮೇಜಿನ ಮೇಲೆ ರೂಪಕ್ ಠೇಕಾ ಬಾರಿಸಿ ತೋರಿಸಿದ್ದೆ, ಬರೋಬರಿ ಕೂತಿತ್ತು. ಅದನ್ನ ನೆನಪು ಮಾಡಿಕೊಂಡು ಆಮೇಲೆ ಸ್ಟುಡಿಯೋನೇ ಮೇಲು ಅನ್ನು ನೋಡೋಣ.

ನನಗೆ ಹೊಟ್ಟೆಕಿಚ್ಚು ಆಗೋದು ಮಾತ್ರ ಯೆಸ್‌ನ 1978ರ ಟೂರಿನ ಮೇಲೆ. ಹಾಲ್ ನಡುವೆ ದುಂಡಗಿನ ಸ್ಟೇಜು, ಅದು ತಿರುಗುತ್ತೆ, ಜನ ಸುತ್ತಲೂ. ಸೌಂಡಿನವನ ಕಷ್ಟ ಯೋಚನೆ ಮಾಡು! ನಮ್ಮ ಹಾಗೆ ಎಡಕ್ಕೊಂದು ಬಲಕ್ಕೊಂದು ಬಾಕ್ಸ್ ನಿಲ್ಲಿಸಿ ಕೈ ತೊಳೆದುಕೊಳ್ಳೋ ಹಾಗಿಲ್ಲ. ಎಡ ಯಾವುದು, ಬಲ ಯಾವುದು? ಇದ್ದ ಕಡೆಯೆಲ್ಲಾ ಮುಂದೆಯೇ. ಪ್ರಾಗ್ ರಾಕ್ (ಯೆಸ್ ನುಡಿಸೋ ಥರದ ರಾಕ್) ಅಂದರೆ ಉದ್ದುದ್ದ ಹಾಡು, ಹೊಳೆಯೋ ಅಂಗಿ, ಆಡಂಬರ ಅಂತ ನಗೋರು ನಗಲಿ. ಅಂಥ ಸ್ಟೇಜ್ ಕಟ್ಟೋ ಧೈರ್ಯ ಅವರಿಗಿತ್ತು. ಅದನ್ನ ಕಣ್ಣಾರೆ ನೋಡೋ ಪುಣ್ಯ ನಮಗಿರಲಿಲ್ಲ. ನಮ್ಮ ಪಾಲಿಗೆ ದಕ್ಕಿದ್ದು 2002ರಲ್ಲಿ ಬೆಂಗಳೂರಿಗೆ ಬಂದ, ಪಿಂಕ್ ಫ್ಲಾಯ್ಡ್ ಬ್ಯಾಂಡಿನಲ್ಲಿದ್ದ ರೋಜರ್ ವಾಟರ್ಸ್. ಅವನೂ ಬೇಸ್‌ನವನೇ ಬಿಡು. ಆದರೆ ಆ ರಾತ್ರಿ ನಾನು ಸ್ಟೇಜ್ ನೋಡಿದ್ದಕ್ಕಿಂತ ಸ್ಪೀಕರ್ ಟವರ್ ನೋಡಿದ್ದೇ ಜಾಸ್ತಿ ಅಂತ ನೀನು ಇವತ್ತಿಗೂ ಆಡಿಕೊಳ್ತೀಯ.

2015ರ ಜೂನ್ 27. ಅಮೆರಿಕದ ಫೀನಿಕ್ಸ್‌ನಲ್ಲಿ ಸ್ಕ್ವಾಯರ್ ತೀರಿಕೊಂಡ, 67 ವಯಸ್ಸು, ರಕ್ತದ ಕ್ಯಾನ್ಸರ್. ಕಾಯಿಲೆ ವಿಷಯ ಹೊರಗೆ ಬಂದದ್ದೇ ಮೇ ತಿಂಗಳಲ್ಲಿ, ಇನ್ನೂ ಟೈಮಿದೆ ಅಂದುಕೊಂಡಿದ್ದೆವು. ಇಲ್ಲಿ ಮಿರಗದ ಮಳೆ ಆಗಿ ತೊಗರಿ ಬಿತ್ತನೆ ನಡೆದಿತ್ತು, ನನಗೆ ಕೆಲಸ ಇರಲಿಲ್ಲ, ಗೋಡೌನಿನಲ್ಲಿ ಕೇಬಲ್ ಸುತ್ತುತ್ತಾ ಕೂತಿದ್ದೆ. ನಿನ್ನ ಫೋನ್ ಬಂತು. ಯಾರಿಗೆ ಹೇಳೋದು? ಇಡೀ ಊರಲ್ಲಿ ಆ ಹೆಸರು ಗೊತ್ತಿದ್ದವರು ನನ್ನ ಎದುರಿಗೆ ಯಾರೂ ಇರಲಿಲ್ಲ. ಕೆಲಸದ ಹುಡುಗ 'ಯಾರ ತೀರ್ಕೊಂಡ್ರು ಅಣ್ಣಾ, ಸಂಬಂಧಿಕರಾ?' ಅಂದ. ಹೂಂ ಅಂದೆ.

ಇನ್ನೊಂದು ನೋಡು, ದ ಹೂ ಬ್ಯಾಂಡಿನ ಜಾನ್ ಎಂಟ್‌ವಿಸಲ್ ಸತ್ತದ್ದೂ ಜೂನ್ 27ರಂದೇ, 2002ರಲ್ಲಿ. ಸ್ಕ್ವಾಯರ್ ಯಾರ ಬೇಸ್ ಕೇಳಿ ಕೇಳಿ ಕಲಿತನೋ ಅವನು. ನನಗೆ ಗ್ರಹಚಾರದಲ್ಲಿ ನಂಬಿಕೆ ಇಲ್ಲ, ಆದರೂ ಆ ದಿನ ಬೇಸ್ ಬಾಕ್ಸ್ ಬಾಡಿಗೆಗೆ ಕೊಡೋದಿಲ್ಲ. ಗಿರಾಕಿಗೆ ರಿಪೇರಿಯಲ್ಲಿದೆ ಅಂತ ಹೇಳ್ತೀನಿ.

ಸರಿ, ಬೋರ್ಡಿನ ಮಾತು. ಬ್ಯಾಂಡ್ ಶುರುವಾದದ್ದು 1968ರಲ್ಲಿ. ಅಲ್ಲಿಂದ 2014ರ 'ಹೆವನ್ ಅಂಡ್ ಅರ್ಥ್'ವರೆಗೆ ಯೆಸ್ ಹೆಸರಿನ ಒಂದೊಂದು ಸ್ಟುಡಿಯೋ ಆಲ್ಬಮ್‌ನಲ್ಲೂ ಇದ್ದವನು ಅವನೊಬ್ಬನೇ. ಹಾಡುಗಾರ ಜಾನ್ ಆಂಡರ್ಸನ್ ಬಿಟ್ಟು ಹೋದ, ಬಂದ, ಮತ್ತೆ ಹೋದ. ಕೀಬೋರ್ಡಿನ ವೇಕ್‌ಮನ್ ಎಷ್ಟು ಸಲ ಹೋಗಿ ಬಂದ ಅನ್ನೋದನ್ನ ಲೆಕ್ಕ ಇಡೋಕೇ ಒಬ್ಬ ಗುಮಾಸ್ತ ಬೇಕು. 1989ರಲ್ಲಿ ಯೆಸ್‌ನ ಹಳಬರೇ ಆದ ಆಂಡರ್ಸನ್, ಬ್ರೂಫರ್ಡ್, ವೇಕ್‌ಮನ್, ಹೌ ನಾಲ್ಕೂ ಜನ ಸೇರಿ ಆಲ್ಬಮ್ ಮಾಡಿದರೂ ಯೆಸ್ ಅಂತ ಹೆಸರು ಹಾಕಿಕೊಳ್ಳೋಕೆ ಆಗಲಿಲ್ಲ, ಹೆಸರು ಸ್ಕ್ವಾಯರ್ ಕಡೆ ಇತ್ತು. ಅಣ್ಣ ತಮ್ಮಂದಿರೆಲ್ಲಾ ಪುಣೆ, ಮುಂಬೈ ಅಂತ ಹೋದ ಮೇಲೂ ವಾಡೆಯ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಊರಲ್ಲೇ ಉಳಿದವನ ಹಾಗೆ. ಹಾಗಾಗಿ ಅವನಿಲ್ಲದೆ ಯೆಸ್ ಇಲ್ಲ ಅನ್ನೋ ನಿನ್ನ ವಾದ ಹುಸಿಯಲ್ಲ.

ಆದರೆ ಕೇಳು. ಕಾಯಿಲೆ ಬಿದ್ದಾಗ ಟೂರ್ ರದ್ದು ಮಾಡಿ ಅಂತ ಅವನು ಹೇಳಲಿಲ್ಲ. 1968ರಿಂದ ಇದೇ ಮೊದಲ ಸಲ ನಾನಿಲ್ಲದೆ ಬ್ಯಾಂಡ್ ಸ್ಟೇಜ್ ಹತ್ತುತ್ತೆ ಅಂತ ತಾನೇ ಪ್ರಕಟಿಸಿ ತನ್ನ ಜಾಗಕ್ಕೆ ಬಿಲ್ಲಿ ಶೆರ್‌ವುಡ್‌ನನ್ನ ಬಿಟ್ಟ. ಆಗಸ್ಟ್ 7ರಂದು ಅವರು ಸ್ಟೇಜ್ ಹತ್ತಿದಾಗ ಮೊದಲು ಅವನ ಹಾಡು 'ಆನ್‌ವರ್ಡ್' ಹಾಕಿದರು, ಅವನು ನಿಲ್ಲೋ ಜಾಗದಲ್ಲಿ ಗಿಟಾರ್ ಒಂದಕ್ಕೇ ಲೈಟು. ನೀನು ಆ ವಿಡಿಯೋ ಅಲ್ಲಿಗೇ ನಿಲ್ಲಿಸಿದೆ. ಮುಂದೆ ನೋಡಿದ್ದರೆ ಶೆರ್‌ವುಡ್ ಎಷ್ಟು ಎಚ್ಚರದಿಂದ ನುಡಿಸಿದ ಅಂತ ಗೊತ್ತಾಗ್ತಿತ್ತು. ತನ್ನದು ಅಂತ ಒಂದು ಸ್ವರ ಜಾಸ್ತಿ ಹಾಕಲಿಲ್ಲ. 2017ರ ಏಪ್ರಿಲ್‌ನಲ್ಲಿ ಯೆಸ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಕೊಟ್ಟ ಸಮಾರಂಭದಲ್ಲಿ 'ರೌಂಡ್‌ಅಬೌಟ್'ಗೆ ರಶ್ ಬ್ಯಾಂಡಿನ ಗೆಡ್ಡಿ ಲೀ ಬಂದು ಬೇಸ್ ನುಡಿಸಿದ, ಅಷ್ಟು ದೊಡ್ಡ ಬೇಸಿಸ್ಟು, ಮುಖದಲ್ಲಿ ಪರೀಕ್ಷೆಗೆ ಕೂತ ಹುಡುಗನ ಗಾಬರಿ. ಮುಂದಿನ ಹಾಡಿಗೆ ಗಿಟಾರಿನ ಸ್ಟೀವ್ ಹೌ ತಾನೇ ಬೇಸ್ ಹಿಡಿದ. ಅದು ನನಗೆ ಭಾಳ ಹಿಡಿಸಿತು.

ಸ್ಕ್ವಾಯರ್ ಬರೆದಿಟ್ಟ ಬೇಸ್ ಎಂಥದ್ದು ಅಂದರೆ ಯಾರು ನುಡಿಸಿದರೂ ಮೊದಲು ಅದನ್ನ ಬಾಯಲ್ಲಿ ಹಾಡಿಕೊಳ್ಳಲೇಬೇಕು. ಬ್ಯಾಂಡ್ ಇದೆಯಾ ಇಲ್ಲವಾ ಅಂತ ನಾನು ಅದರ ಮೇಲೇ ತೀರ್ಮಾನ ಮಾಡೋದು. ಸ್ಟೇಜಿನಲ್ಲಿ ಆ ಸಾಲು ಹಾಡ್ತಾ ಇದ್ದರೆ ನನಗೆ ಸಾಕು, ಬೋರ್ಡು ಯಾರಾದರೂ ಬರೆಸಿಕೊಳ್ಳಲಿ. ನಿನ್ನ ಪಬ್ಬಿನ ಹುಡುಗರಿಗೂ ಅದೇ ಮಾತು. ಬೇಸ್ ಹುಡುಗನಿಗೆ ಹೇಳು, ಆಂಪಿನಲ್ಲಿ ಲೋ ಇಳಿಸಿ ಮಿಡ್ ಏರಿಸಲಿ, ಹೊಸ ತಂತಿ ಹಾಕಲಿ, ಬಾಕ್ಸನ್ನ ಗೋಡೆಯಿಂದ ಮುಂದಕ್ಕೆ ಎಳೆಯಲಿ. ಕೇಳಿಸುತ್ತೆ.

ಈ ಸಲ ಜೂನ್ 27ಕ್ಕೆ ಬಾ. ಗೋಡೌನಿನಲ್ಲಿ ಈಗ ಹೊಸ ಬಾಕ್ಸ್ ಇವೆ, ಕಾಕಾನ ಹಳೇ ಜೋಡಿಯೂ ಇದೆ, ಕೋನ್ ಹೊಸದು ಹಾಕಿಸಿದ್ದೀನಿ. ನಿನ್ನ ಸ್ಟುಡಿಯೋ ಒಂದು ಸಲ, ನನ್ನ ಲೈವ್ ಒಂದು ಸಲ, ಎರಡೂ ಒಂದೇ ವಾಲ್ಯೂಮ್‌ನಲ್ಲಿ, ತೀರ್ಪು ಕಾಕಾನದು. ಫೋನಿನಿಂದ ಬ್ಲೂಟೂತ್ ಅಂತ ಬಂದರೆ ಒಳಗೆ ಬಿಡೋದಿಲ್ಲ, ಸಿಡಿ ತಗೊಂಡು ಬಾ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಈಗಲೇ ರಿಸರ್ವ್ ಮಾಡಿಸು, ಆಮೇಲೆ ವೇಟಿಂಗ್ ಲಿಸ್ಟ್ ಅಂತ ನೆಪ ಹೇಳಬೇಡ. ನಿಮ್ಮ ವೈನಿ ಜೋಳದ ರೊಟ್ಟಿ, ಪುಂಡಿಪಲ್ಲೆ ಮಾಡ್ತಾಳಂತೆ, ಶೇಂಗಾ ಹಿಂಡಿ ಕಟ್ಟಿಕೊಡಬೇಕಾ ಅಂತ ಕೇಳ್ತಿದ್ದಾಳೆ, ಅದಕ್ಕೆ ಮೊದಲು ಉತ್ತರ ಬರೆ.

ನಿನ್ನ,
ಸೌಂಡ್‌ವಾಲಾ
ಕಲಬುರಗಿ