ವಾರದ ಸಭೆಯಲ್ಲಿ ಹತ್ತು ನಿಮಿಷ ಲೆಕ್ಕಕ್ಕೂ ಇರಲಿ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ಪತ್ರಿಕೆಗಳಲ್ಲಿ ರೋಟರಿ ಕ್ಲಬ್‌ಗಳ ಪದಗ್ರಹಣದ ಫೋಟೊಗಳು ಸಾಲುಗಟ್ಟುತ್ತವೆ. ಕೊರಳಿಗೆ ಕಾಲರ್ ಹಾಕಿಕೊಂಡ ಹೊಸ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ, ನಡುವೆ ಮುಖ್ಯ ಅತಿಥಿ. ಇವರನ್ನು ಯಾರು ಆರಿಸಿದರು, ಯಾವ ಸಭೆಯಲ್ಲಿ ಆರಿಸಿದರು ಅನ್ನೋದು ಹೊರಗಿನವರಿಗೆ ಬೇಕಿಲ್ಲ, ಸರಿ. ಆದರೆ ಒಳಗಿರುವ ಎಷ್ಟೋ ಸದಸ್ಯರಿಗೂ ಅದು ಗೊತ್ತಿರುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ವಾರದ ಸಭೆ ಬೇಕೇ ಬೇಡವೇ ಎಂಬ ಮಾತು ಕೆಲವು ವರ್ಷಗಳಿಂದ ಸದಸ್ಯರ ನಡುವೆ ನಡೆದೇ ಇದೆ. 2016ರಲ್ಲಿ ರೋಟರಿಯ ನಿಯಮ ಮಾಡುವ ಸಭೆ, ಅಂದರೆ ಕೌನ್ಸಿಲ್ ಆನ್ ಲೆಜಿಸ್ಲೇಷನ್, ಕ್ಲಬ್‌ಗಳ ಕೈ ಸಡಿಲಿಸಿತು. ತಿಂಗಳಿಗೆ ಎರಡು ಸಭೆಯಾದರೂ ನಡೆದರೆ ಸಾಕು, ಆನ್‌ಲೈನ್‌ನಲ್ಲಿ ಸೇರಿದರೂ ಆದೀತು ಎಂದಿತು. ಹಾಗೆ ಬದಲಿಸಿಕೊಳ್ಳಲು ಕ್ಲಬ್ ತನ್ನ ಬೈಲಾ ತಿದ್ದಬೇಕು. ಅದಕ್ಕೆ ಸದಸ್ಯರೇ ಮತ ಹಾಕಬೇಕು. ಸಭೆ ಕಡಿಮೆ ಮಾಡೋಣ ಎಂದು ತೀರ್ಮಾನಿಸಲೂ ಒಂದು ಸಭೆ ಬೇಕು ನೋಡಿ!

ಕೆಲಸ, ಮನೆ, ಟ್ರಾಫಿಕ್ ನಡುವೆ ಪ್ರತಿ ವಾರ ಒಂದು ಸಂಜೆ ತೆಗೆದಿಡುವುದು ಸುಲಭವಲ್ಲ. ತರುಣರು ಇದಕ್ಕೇ ಹಿಂಜರಿಯುತ್ತಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ತಕರಾರು ಸಭೆ ಎಷ್ಟು ಸಲ ಸೇರುತ್ತದೆ ಎಂಬುದರ ಬಗ್ಗೆ ಅಲ್ಲ. ಸೇರಿದಾಗ ಏನು ನಡೆಯುತ್ತದೆ ಎಂಬುದರ ಬಗ್ಗೆ.

ಎಷ್ಟೋ ಸಭೆಗಳು ಹೀಗೆ ನಡೆಯುತ್ತವೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ, ಸ್ವಾಗತ. ಅತಿಥಿಯ ಪರಿಚಯ ಒಬ್ಬರಿಂದ, ವಂದನೆ ಇನ್ನೊಬ್ಬರಿಂದ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವಗಳಿಗೆ ಚಪ್ಪಾಳೆ. ರೋಟರಿ ಪಿನ್ ಹಾಕದೆ ಬಂದವರಿಗೆ ಸಭೆಯ ಶಿಸ್ತು ನೋಡಿಕೊಳ್ಳುವ ಸಾರ್ಜೆಂಟ್ ದಂಡ ಹಾಕಿ ಡಬ್ಬಿ ಹಿಡಿದುಕೊಂಡು ಓಡಾಡುತ್ತಾರೆ. ಒಂದಿಷ್ಟು ನಗು. (ಆ ತಮಾಷೆ ನನಗೂ ಇಷ್ಟವೇ, ಅದನ್ನು ಬಿಡಬೇಡಿ.) ಕಾರ್ಯದರ್ಶಿ ಪ್ರಕಟಣೆ ಓದುವಾಗ ಅರ್ಧ ಜನ ಮೊಬೈಲ್‌ನಲ್ಲಿ ಮುಳುಗಿರುತ್ತಾರೆ. ಖಜಾಂಚಿ ಎದ್ದು ನಿಂತು, ‘ಬಾಕಿ ಇರುವವರು ದಯವಿಟ್ಟು ಕಟ್ಟಿಬಿಡಿ’ ಎಂದಷ್ಟೇ ಹೇಳಿ ಕೂರುತ್ತಾರೆ. ಬಂದ ದುಡ್ಡೆಷ್ಟು, ಹೋದದ್ದೆಲ್ಲಿಗೆ ಎಂದು ಯಾರಾದರೂ ಬಾಯಿಬಿಟ್ಟರೆ, ‘ಅದು ಬೋರ್ಡ್‌ನಲ್ಲಿ ಪಾಸ್ ಆಗಿದೆ ಸರ್’ ಎಂಬ ಸಿದ್ಧ ಉತ್ತರ (ಬೋರ್ಡ್ ಅಂದರೆ ಕ್ಲಬ್ಬಿನ ಆಡಳಿತ ಮಂಡಳಿ). ಕೇಳಿದವರನ್ನು ಎಲ್ಲರೂ ತಿರುಗಿ ನೋಡುತ್ತಾರೆ. ಮುಂದಿನ ಸಲ ಅವರೂ ಸುಮ್ನೆ ಇದ್ದುಬಿಡುತ್ತಾರೆ.

ಬೋರ್ಡ್‌ನಲ್ಲಿ ಪಾಸ್ ಆಯಿತು ಎಂದರೆ ಮುಗಿಯಿತು ಎಂದು ರೋಟರಿ ಕ್ಲಬ್ಬಿನ ಸಂವಿಧಾನ ಹೇಳುವುದಿಲ್ಲ. ಬೋರ್ಡ್ ಸಭೆಯ ನಡಾವಳಿ ಸದಸ್ಯರ ಕೈಗೆ ಸಿಗಬೇಕು. ಬೋರ್ಡ್ ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ಇಡೀ ಕ್ಲಬ್ಬಿನ ಮುಂದೆ ಮೇಲ್ಮನವಿ ಇಡಬಹುದು. ಡಿಸೆಂಬರ್ 31ರೊಳಗೆ ವಾರ್ಷಿಕ ಸಭೆ ಕರೆದು ಮುಂದಿನ ಪದಾಧಿಕಾರಿಗಳನ್ನು ಆರಿಸಬೇಕು. ಅದೇ ಸಭೆಯಲ್ಲಿ ಹಿಂದಿನ ವರ್ಷದ ಲೆಕ್ಕವನ್ನೂ ಈ ವರ್ಷ ಅಲ್ಲಿಯವರೆಗಿನ ಜಮಾ ಖರ್ಚನ್ನೂ ಮುಂದಿಡಬೇಕು. ಕಾಗದದಲ್ಲಿ ಎಲ್ಲ ಚೆನ್ನಾಗಿದೆ. ನಡೆಯುವುದು ಮಾತ್ರ ಕಾಟಾಚಾರಕ್ಕೆ. ಸಮಿತಿ ಒಂದು ಹೆಸರು ತಂದಿಡುತ್ತದೆ, ಎಲ್ಲರೂ ಹೂಂ ಅನ್ನುತ್ತಾರೆ, ಅವಿರೋಧ ಆಯ್ಕೆ. ಅಧ್ಯಕ್ಷರಾಗಿ ಎಂದು ಗೋಗರೆದರೂ ಯಾರೂ ಮುಂದೆ ಬರದ ವರ್ಷಗಳೂ ಇರುತ್ತವೆ, ಅದೂ ನಿಜ. ಆದರೆ ಅಧ್ಯಕ್ಷಗಿರಿಗೆ ಪೈಪೋಟಿ ಇಲ್ಲ ಎಂದ ಮಾತ್ರಕ್ಕೆ ಲೆಕ್ಕ ತೋರಿಸಬೇಕಿಲ್ಲ ಎಂದಾಗುವುದಿಲ್ಲ, ಅಲ್ವಾ? ಆರೋಗ್ಯ ಶಿಬಿರ, ಶಾಲೆಗೆ ಬೆಂಚು ಎಂದು ಹೊರಗಿನವರಿಂದಲೂ ದೇಣಿಗೆ ಪಡೆದ ಮೇಲೆ ಇದು ಬರೀ ಸದಸ್ಯರ ದುಡ್ಡೂ ಅಲ್ಲ.

ಕ್ಲಬ್ಬಿನಾಚೆಗೂ ಇದೇ ಕಥೆ. ರೋಟರಿಯಲ್ಲಿ ಹಲವು ಕ್ಲಬ್‌ಗಳು ಸೇರಿ ಒಂದು ಜಿಲ್ಲೆ, ಅದರ ಮುಖ್ಯಸ್ಥರೇ ಜಿಲ್ಲಾ ಗವರ್ನರ್. ಅವರ ಆಯ್ಕೆ ಕ್ಲಬ್‌ಗಳ ಮತಕ್ಕೆ ಬಂದರೆ ಸುಮಾರು 25 ಸದಸ್ಯರಿಗೆ ಒಂದು ಮತದ ಲೆಕ್ಕ. ಅದು ಕ್ಲಬ್ಬಿನ ಮತ, ಅಧ್ಯಕ್ಷರ ಜೇಬಿನಲ್ಲಿರುವ ಮತವಲ್ಲ. ಯಾರಿಗೆ ಹಾಕೋಣ ಎಂದು ಸಭೆಯಲ್ಲಿ ಕೇಳುವವರು ಎಷ್ಟು ಜನ?

‘ನಮ್ಮಂಥ ಚಿಕ್ಕ ಕ್ಲಬ್ ಹೇಳಿದರೆ ಯಾರು ಕೇಳುತ್ತಾರೆ’ ಎನ್ನುವವರು ಮಹಿಳಾ ಸದಸ್ಯತ್ವ ಬಂದ ಬಗೆಯನ್ನು ನೋಡಬೇಕು. ಕ್ಲಬ್ ಸಂವಿಧಾನದಲ್ಲಿದ್ದ ‘ಪುರುಷ’ ಎಂಬ ಮಾತನ್ನು ತೆಗೆಯಿರಿ ಎಂದು 1950ರಲ್ಲೇ ನಿರ್ಣಯ ಮುಂದಿಟ್ಟದ್ದು ಭಾರತದ ಒಂದು ಕ್ಲಬ್. ಅದು ಗೆಲ್ಲಲಿಲ್ಲ. 1964ರಲ್ಲಿ ಆಗಿನ ಸಿಲೋನ್‌ನ ಕ್ಲಬ್ಬೊಂದು ಮತ್ತೆ ಕೇಳಿತು. ಅದನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಪ್ರತಿನಿಧಿಗಳು ಮತ ಹಾಕಿದರು. 1977ರಲ್ಲಿ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ ಯಾರನ್ನೂ ಕೇಳದೆ ಮಹಿಳೆಯರನ್ನು ಸೇರಿಸಿಕೊಂಡಿತು. ರೋಟರಿ ಅದರ ಮಾನ್ಯತೆಯನ್ನೇ ಕಿತ್ತುಕೊಂಡಿತು. ಕ್ಲಬ್ ಜಗ್ಗಲಿಲ್ಲ. ಪಿನ್ ಮೇಲೆ X ಗುರುತು ಎಳೆದುಕೊಂಡು, ನಾವು ‘ಎಕ್ಸ್’, ಅಂದರೆ ಮಾಜಿ ರೋಟರಿ ಎಂದು ಹೇಳಿಕೊಂಡು ಸಭೆ ಸೇರುತ್ತಲೇ ಇತ್ತು. ಜೊತೆಗೆ ಕೋರ್ಟಿಗೂ ಹೋಯಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ರೋಟರಿ ಸೋತಿತು. 1989ರ ಕೌನ್ಸಿಲ್‌ನಲ್ಲಿ ಜಗತ್ತಿನ ಎಲ್ಲ ಕ್ಲಬ್‌ಗಳ ಬಾಗಿಲು ಮಹಿಳೆಯರಿಗೆ ತೆರೆಯಿತು. 2022ರಲ್ಲಿ ಜೆನಿಫರ್ ಜೋನ್ಸ್ ಅಂತರರಾಷ್ಟ್ರೀಯ ಅಧ್ಯಕ್ಷರಾದರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. 1950ರಲ್ಲಿ ಯಾವುದೋ ಕ್ಲಬ್ಬಿನಲ್ಲಿ ಯಾರೋ ಒಬ್ಬರು ಎದ್ದುನಿಂತು ಮಾತಾಡಿರಲೇಬೇಕು. ಅವತ್ತು ‘ಟೈಮ್ ಆಯ್ತು, ಅತಿಥಿಗಳು ಕಾಯ್ತಿದ್ದಾರೆ’ ಎಂದು ಅವರನ್ನು ಕೂರಿಸಿದ್ದರೆ?

ಆ ದಾರಿ ಈಗಲೂ ತೆರೆದಿದೆ. ಕೌನ್ಸಿಲ್ ಮೂರು ವರ್ಷಕ್ಕೊಮ್ಮೆ ಸೇರುತ್ತದೆ. ಒಂದು ಜಿಲ್ಲೆಗೆ ಒಬ್ಬ ಪ್ರತಿನಿಧಿ, ಒಂದು ಮತ. ನಿಯಮ ತಿದ್ದುವ ಪ್ರಸ್ತಾವವನ್ನು ಯಾವ ಕ್ಲಬ್ ಬೇಕಾದರೂ ಕಳಿಸಬಹುದು, ಜಿಲ್ಲೆ ಒಪ್ಪಿಗೆ ಕೊಟ್ಟರೆ ಸಾಕು. ಸಭೆಯ ಹಾಜರಾತಿ, ಅಂತರರಾಷ್ಟ್ರೀಯ ವಂತಿಗೆ, ಸದಸ್ಯತ್ವದ ನಿಯಮ ಎಲ್ಲ ಅಲ್ಲೇ ತೀರ್ಮಾನವಾಗುವುದು. ವಂತಿಗೆ ಜಾಸ್ತಿಯಾದಾಗ ಗೊಣಗುವ ನಮ್ಮಲ್ಲಿ ಹೆಚ್ಚಿನವರಿಗೆ ನಮ್ಮ ಪ್ರತಿನಿಧಿ ಅದಕ್ಕೆ ಹೌದು ಅಂದರೋ ಇಲ್ಲ ಅಂದರೋ ಗೊತ್ತಿಲ್ಲ. ಅವರ ಹೆಸರೇ ಗೊತ್ತಿಲ್ಲದವರೂ ಇದ್ದಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಸಭೆ ವಾರಕ್ಕೊಂದಿರಲಿ, ತಿಂಗಳಿಗೆರಡಿರಲಿ, ಪ್ರತಿ ಸಭೆಯಲ್ಲಿ ಹತ್ತು ನಿಮಿಷ ಕ್ಲಬ್ಬಿನ ಆಡಳಿತಕ್ಕೆ ಮೀಸಲಿಡಿ. ಬೋರ್ಡ್ ಏನು ತೀರ್ಮಾನಿಸಿತು ಎಂದು ಕಾರ್ಯದರ್ಶಿ ಓದಿ ಹೇಳಲಿ. ತಿಂಗಳಿಗೊಮ್ಮೆ ಖಜಾಂಚಿ ಒಂದು ಹಾಳೆಯ ಲೆಕ್ಕವನ್ನು ಎಲ್ಲರ ಕೈಗೆ ಕೊಡಲಿ. ಪ್ರಶ್ನೆ ಕೇಳಿದವರನ್ನು ಜಗಳಗಂಟರಂತೆ ನೋಡುವುದು ನಿಲ್ಲಲಿ. ಸಮಯ ಎಲ್ಲಿಂದ ತರುವುದು ಎಂದರೆ, ಪರಿಚಯ, ಮರುಪರಿಚಯ, ಹಾರ, ಶಾಲುಗಳಲ್ಲೇ ಹತ್ತು ನಿಮಿಷ ಧಾರಾಳವಾಗಿ ಸಿಗುತ್ತದೆ.

ಕಳೆದ ಕೌನ್ಸಿಲ್ 2025ರ ಏಪ್ರಿಲ್‌ನಲ್ಲಿ ಮುಗಿಯಿತು. ಇನ್ನೊಂದು 2028ಕ್ಕೆ. ಅಷ್ಟರೊಳಗೆ ಪ್ರತಿ ಜಿಲ್ಲೆಯ ಪ್ರತಿನಿಧಿ ಕೆಲವು ಕ್ಲಬ್‌ಗಳಿಗಾದರೂ ಅತಿಥಿಯಾಗಿ ಬರಲಿ. ಯಾವ ಪ್ರಸ್ತಾವ ಮುಂದಿದೆ, ತಾವು ಯಾವ ಕಡೆ ಮತ ಹಾಕಬೇಕೆಂದಿದ್ದಾರೆ ಎಂದು ಹೇಳಲಿ, ಆಮೇಲೆ ಸದಸ್ಯರ ಮಾತು ಕೇಳಲಿ. ಅವರನ್ನು ಕರೆಸುವ ಕೆಲಸವನ್ನು ಅಧ್ಯಕ್ಷರು ಈ ವರ್ಷವೇ ಮಾಡಬಹುದು, ಅದಕ್ಕೆ ಯಾವ ನಿಯಮವನ್ನೂ ತಿದ್ದಬೇಕಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ರೊಟೇರಿಯನ್