ಪೊಲೀಸ್ ರೇಡಿಯೋ ಚಿತ್ರಗಳನ್ನು ಹಂಚುವ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಅಮೆರಿಕದ ಪೊಲೀಸ್ ರೇಡಿಯೋಗಳ ಹಳೆಯ ಚಿತ್ರಗಳನ್ನು ಗುಂಪಿಗೆ ಹಾಕುವಾಗ, ಉಪಕರಣವು ಏಕಮುಖವೇ ದ್ವಿಮುಖವೇ, ಎಎಂ ಬಗೆಯದೇ (ಮಾತನ್ನು ರೇಡಿಯೋ ಅಲೆಯ ಎತ್ತರದ ಏರಿಳಿತವಾಗಿ ಸಾಗಿಸುವುದು) ಎಫ್‌ಎಂ ಬಗೆಯದೇ (ಆವರ್ತನದ, ಅಂದರೆ ಅಲೆಯ ಕಂಪನದ ವೇಗದ, ಏರಿಳಿತವಾಗಿ ಸಾಗಿಸುವುದು) ಎಂಬುದನ್ನು ತಪ್ಪದೆ ನಮೂದಿಸಬೇಕೆಂದು ವಿನಂತಿ. 1928ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ಆರಂಭಿಸಿದ ಸೇವೆ ಏಕಮುಖವಾಗಿತ್ತು. ಕಾರಿನಲ್ಲಿದ್ದವರಿಗೆ ಕೇಂದ್ರದ ಆದೇಶ ಕೇಳಿಸುತ್ತಿತ್ತೇ ಹೊರತು, ಉತ್ತರಿಸಬೇಕಾದರೆ ಅವರು ವಾಹನ ನಿಲ್ಲಿಸಿ ದೂರವಾಣಿ ಹುಡುಕಬೇಕಿತ್ತು. 1933ರಲ್ಲಿ ನ್ಯೂಜೆರ್ಸಿಯ ಬಯೋನ್ ನಗರಕ್ಕೆ ದ್ವಿಮುಖ ಸಂಪರ್ಕ ಬಂದಿತಾದರೂ, ಎಂಜಿನ್ನಿನ ಕಿಡಿಯಿಂದ ಹುಟ್ಟುವ ಕರಕರ ಸದ್ದು ಎಎಂ ರೇಡಿಯೋದ ಮಾತನ್ನು ಕೆಡಿಸುತ್ತಲೇ ಇತ್ತು.

ಈ ಇತಿಹಾಸದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಕನೆಕ್ಟಿಕಟ್ ರಾಜ್ಯ ಪೊಲೀಸರ ವ್ಯವಸ್ಥೆ. ಪ್ರಾಧ್ಯಾಪಕ ಡೇನಿಯಲ್ ನೋಬಲ್ ರೂಪಿಸಿದ, 1940ರಲ್ಲಿ ಕಾರ್ಯಾರಂಭ ಮಾಡಿದ ಈ ಜಾಲವೇ ಇಡೀ ರಾಜ್ಯಕ್ಕೆ ಎಫ್‌ಎಂ ದ್ವಿಮುಖ ಸಂಪರ್ಕ ಒದಗಿಸಿದ ಮೊದಲನೆಯದು. ಕಿಡಿಯ ಸದ್ದು ಕದಡುವುದು ಮುಖ್ಯವಾಗಿ ಅಲೆಯ ಎತ್ತರವನ್ನು. ಎಫ್‌ಎಂನಲ್ಲಿ ಮಾತು ಅಡಗಿರುವುದು ಆವರ್ತನದ ಏರಿಳಿತದಲ್ಲಿ. ಹೀಗಾಗಿ ರಿಸೀವರ್ ಎತ್ತರದ ವ್ಯತ್ಯಾಸವನ್ನು ಕತ್ತರಿಸಿಹಾಕಿದರೂ ಮಾತು ಉಳಿಯುತ್ತದೆ, ಓಡುತ್ತಿರುವ ಗಸ್ತು ಕಾರಿನಿಂದಲೂ ಸ್ಪಷ್ಟವಾಗಿ ಮಾತನಾಡಬಹುದು. ನೋಬಲ್ ಮುಂದೆ ಮೊಟೊರೊಲಾ ಸೇರಿ, ಸೈನಿಕರು ಬೆನ್ನಿಗೇರಿಸಿಕೊಳ್ಳುವ ಎಫ್‌ಎಂ ವಾಕಿಟಾಕಿಯ ನಿರ್ಮಾಣದಲ್ಲೂ ಪ್ರಮುಖ ಪಾತ್ರ ವಹಿಸಿದರು.

1940ಕ್ಕಿಂತ ಹಿಂದಿನ ಗಸ್ತು ಕಾರಿನ ಚಿತ್ರಕ್ಕೆ ಎಫ್‌ಎಂ ಎಂದು ಬರೆಯುವ ಮುನ್ನ ದಯವಿಟ್ಟು ಮೂಲವನ್ನು ಪರಿಶೀಲಿಸಿ.