ಪುಟ್ಟ ಬೋರ್ಡುಗಳ ನಡುವಿನ ತಂತಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಆರ್ಡುಯಿನೊ ಊನೊ ಎಂಬ ಪುಟ್ಟ ನಿಯಂತ್ರಕ ಬೋರ್ಡನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನೇರವಾಗಿ ತಂತಿಯಿಂದ ಜೋಡಿಸಿದ್ದನ್ನು ಕಂಡು ಗಾಬರಿಯಾಯಿತು. ಊನೊದ ಪಿನ್ನುಗಳು (ತಂತಿ ಸಿಕ್ಕಿಸುವ ತುದಿಗಳು) 5 ವೋಲ್ಟ್ ಹೊರಡಿಸುತ್ತವೆ, ಪೈನ ಪಿನ್ನುಗಳಾದರೋ 3.3 ವೋಲ್ಟ್‌ಗಷ್ಟೇ ತಯಾರಾದವು. ನಡುವೆ ವೋಲ್ಟೇಜ್ ಇಳಿಸುವ ಎರಡು ರೆಸಿಸ್ಟರ್‌ಗಳನ್ನಾದರೂ ಹಾಕದಿದ್ದರೆ, ಕೆಲವೇ ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಪೈ ಬೋರ್ಡು ಸುಟ್ಟೀತು. ಒಂದರ ಕಳುಹಿಸುವ ಪಿನ್ನು ಇನ್ನೊಂದರ ಸ್ವೀಕರಿಸುವ ಪಿನ್ನಿಗೆ ಸೇರಬೇಕು, ಎರಡರ ಗ್ರೌಂಡ್ (ಸೊನ್ನೆ ವೋಲ್ಟಿನ ಪಿನ್ನು) ತಂತಿಯಿಂದ ಒಂದಾಗಿರಬೇಕು ಎಂಬುದನ್ನೂ ಅವರಿಗೆ ಯಾರೂ ಹೇಳಿಕೊಟ್ಟಂತಿರಲಿಲ್ಲ. ತಪ್ಪು ಮಕ್ಕಳದಲ್ಲ, ಕಿಟ್ಟಿನ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಈ ಜೋಡಣೆಯ ಚಿತ್ರವನ್ನು ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ ಪ್ರತಿ ಶಾಲೆಯ ಪ್ರಯೋಗಾಲಯದ ಗೋಡೆಗೆ ಅಂಟಿಸುವಂತೆ ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಎಲೆಕ್ಟ್ರಾನಿಕ್ಸ್ ಬೋಧಕ, ಕಲಬುರಗಿ